ಎಫ್ ಕೀ ಮೇಲಿನ ಹೊಳಪು

ಬಾಗಿಲ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಕೈ ತೊಳೆದುಕೊಂಡು ಬನ್ನಿ. ತಿಂಡಿ, ಕಾಫಿ ಮೇಜಿನ ಹತ್ತಿರ ಬೇಡ. ಕೇಳದೆ ಕೀಕ್ಯಾಪ್ ಕೀಳಬೇಡಿ. ಇಷ್ಟು ಬಿಟ್ಟರೆ ಯಾವ ಕೀಬೋರ್ಡನ್ನಾದರೂ ಮುಟ್ಟಬಹುದು, ಎಷ್ಟು ಹೊತ್ತು ಬೇಕಾದರೂ ಟೈಪ್ ಮಾಡಿ ನೋಡಬಹುದು.

ಈ ಕೊನೆಯ ಮಾತು ನನಗೆ ಹೊಸದು. ಬಳೇಪೇಟೆಯ ಡಿಟಿಪಿ ಸೆಂಟರಿನಲ್ಲಿ ನಾವು ಆಪರೇಟರುಗಳು ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಕೂತು ಕೆಲಸ ಮಾಡಿದವರು. ಒಬ್ಬರ ಊಟದ ಡಬ್ಬಿಗೆ ಇನ್ನೊಬ್ಬರು ಕೈ ಹಾಕುತ್ತಿದ್ದೆವು, ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಸಾಲ ತಂದುಕೊಡುತ್ತಿದ್ದೆವು, ಆದರೆ ಒಬ್ಬರ ಕೀಬೋರ್ಡಿನ ಮೇಲೆ ಇನ್ನೊಬ್ಬರು ಕೈ ಇಡುತ್ತಿರಲಿಲ್ಲ. ಜಗಳ ಆಗುತ್ತದೆ ಅಂತಲ್ಲ. ಬೆಳಗಿಂದ ಸಂಜೆವರೆಗೆ ಒಂದೇ ಕೀಬೋರ್ಡಿನ ಮೇಲೆ ಓಡಾಡಿದ ಬೆರಳು ಬೇರೆಯದರ ಮೇಲೆ ಕೂತರೆ ತಪ್ಪು ಹೆಚ್ಚುತ್ತದೆ, ಪ್ರೂಫ್ ತಿದ್ದುವ ಕೆಲಸ ಬೆಳೆಯುತ್ತದೆ, ಡೆಮಿ 1/8 ಪುಟಕ್ಕೆ ಇಷ್ಟು ಎಂದು ಸಿಗುವ ದುಡ್ಡಿಗೆ ಅಷ್ಟು ಕತ್ತರಿ ಬೀಳುತ್ತದೆ. ಹಾಗಾಗಿ ಕೀಬೋರ್ಡು ಅವರವರದೇ ಆಗಿರುತ್ತಿತ್ತು.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವನು ಅಣ್ಣನ ಮಗ. ಅವನು ಸಾಫ್ಟ್‌ವೇರ್ ಕೆಲಸದವನು, ಮೆಕ್ಯಾನಿಕಲ್ ಕೀಬೋರ್ಡುಗಳ ಹುಚ್ಚು ಹತ್ತಿಸಿಕೊಂಡಿದ್ದ. ಬೆಂಗಳೂರಲ್ಲಿ ಅಂಥ ಹುಚ್ಚಿನವರು ಆಗಾಗ ಭಾನುವಾರ ಒಂದೆಡೆ ಸೇರುತ್ತಾರೆ, ತಮ್ಮ ತಮ್ಮ ಕೀಬೋರ್ಡು ತಂದು ಮೇಜಿನ ಮೇಲೆ ಇಟ್ಟು ಬೇರೆಯವರ ಕೈಗೆ ಬಿಡುತ್ತಾರೆ ಎಂದು ಅವನೇ ಹೇಳಿದ್ದು. "ಅತ್ತೆ, ನಿಮ್ಮ ಟಿವಿಎಸ್ ಗೋಲ್ಡೂ ತಗೊಂಡ್ ಬನ್ನಿ, ಅಲ್ಲಿ ಎಲ್ಲಾರ್ಗೂ ಅದು ಗೊತ್ತು" ಅಂದ. ನಾನು ದಿನಾ ಕೆಲಸ ಮಾಡುವ ವಸ್ತುವನ್ನು ನೋಡಲು ಜನ ಸೇರುತ್ತಾರೆ ಎಂಬುದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆದರೂ ಟವೆಲಿನಲ್ಲಿ ಸುತ್ತಿ, ಬಟ್ಟೆ ಚೀಲದಲ್ಲಿ ಇಟ್ಟುಕೊಂಡು ಹೊರಟೆ.

ಜಯನಗರದ ಕಡೆ ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಹಾಲು. ಮೇಜುಗಳನ್ನು ಸಾಲಾಗಿ ಜೋಡಿಸಿ ಮೇಲೆ ದಪ್ಪ ಬಟ್ಟೆಯ ಮ್ಯಾಟು ಹಾಸಿದ್ದರು. ಒಂದೊಂದು ಕೀಬೋರ್ಡಿನ ಮುಂದೆಯೂ ಒಂದು ಚೀಟಿ: ತಂದವರ ಹೆಸರು, ಒಳಗಿನ ಸ್ವಿಚ್ಚು ಯಾವುದು, ಕೀಗಳ ಮೇಲಿನ ಟೋಪಿ ಅಂದರೆ ಕೀಕ್ಯಾಪು ಯಾವುದು, ಕೆಳಗಿನ ತಗಡು ಅಲ್ಯೂಮಿನಿಯಮ್ಮೋ ಹಿತ್ತಾಳೆಯೋ. ನೂರಕ್ಕಿಂತ ಹೆಚ್ಚು ಕೀ ಇರುವ ದೊಡ್ಡವು, ನಂಬರ್ ಪ್ಯಾಡ್ ತೆಗೆದವು, ಬಾಣದ ಗುರುತಿನ ಕೀಗಳನ್ನೂ ತೆಗೆದು ಅಂಗೈ ಎರಡು ಇಟ್ಟರೆ ಮುಚ್ಚಿಹೋಗುವಷ್ಟು ಚಿಕ್ಕವು, ನಡುವೆ ಸೀಳಿ ಎಡಗೈಗೊಂದು ಬಲಗೈಗೊಂದು ಮಾಡಿದವು. ಕೂತವರು, ನಿಂತವರು, ಬಗ್ಗಿದವರು ಎಲ್ಲರ ಬೆರಳೂ ಆಡುತ್ತಿದ್ದವು. ಹಾಲಿನ ತುಂಬ ಟಕಟಕ, ಟಿಕಿಟಿಕಿ, ದಬದಬ.

ಸ್ವಲ್ಪ ಹೊತ್ತಾದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಹೆಚ್ಚಿನ ಕೀಬೋರ್ಡುಗಳಿಗೆ ವಯರೇ ಚುಚ್ಚಿರಲಿಲ್ಲ. ಎದುರಿಗೆ ಪರದೆ ಇಲ್ಲ, ಹೊಡೆದ ಒಂದಕ್ಷರವೂ ಎಲ್ಲೂ ಮೂಡುತ್ತಿಲ್ಲ. ಹೊಡೆದದ್ದೆಲ್ಲ ಪುಟವಾಗಲೇಬೇಕು ಎಂಬ ಲೆಕ್ಕದಲ್ಲಿ ಬದುಕಿದ ನನಗೆ ಅದು ವಿಚಿತ್ರವಾಗಿ ಕಂಡಿತು, ಆಮೇಲೆ ತುಂಬ ಇಷ್ಟವಾಯಿತು. ಸಂಗೀತಗಾರರು ಹಾಡುವ ಮೊದಲು ಶ್ರುತಿ ನೋಡಿಕೊಳ್ಳುತ್ತಾರಲ್ಲ, ಅಷ್ಟು ತನ್ಮಯವಾಗಿ ಆ ಹುಡುಗರು ಕೀಗಳನ್ನು ಕೇಳುತ್ತಿದ್ದರು. ಪರದೆ ಇಲ್ಲದಿದ್ದಾಗ ಕೈ ಏನು ಹೊಡೆಯುತ್ತದೆ ಎಂದು ಸುಮ್ಮನೆ ಬೆರಳುಗಳನ್ನೇ ನೋಡುತ್ತ ನಿಂತೆ. ಒಬ್ಬ ತನ್ನ ಪಾಸ್‌ವರ್ಡ್ ಇರಬಹುದು ಎನಿಸುವಂಥದ್ದನ್ನು ಮತ್ತೆ ಮತ್ತೆ ಹೊಡೆಯುತ್ತಿದ್ದ. ಇನ್ನೊಬ್ಬಳು ಇಂಗ್ಲಿಷಿನ ಇಪ್ಪತ್ತಾರೂ ಅಕ್ಷರ ಬರುವ ನರಿ-ನಾಯಿಯ ವಾಕ್ಯ ಹೊಡೆಯುತ್ತಿದ್ದಳು. ನನ್ನ ಕೈ ಮಾತ್ರ, ಮೊದಲು ಸಿಕ್ಕಿದ ಕೀಬೋರ್ಡಿನ ಮೇಲೆ ಕೂತದ್ದೇ ತಡ, ಅರಸೀಕೆರೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಯಿತು: ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ.

ಬಸ್ ಸ್ಟ್ಯಾಂಡಿನ ಹಿಂದಿನ ಆ ಇನ್‌ಸ್ಟಿಟ್ಯೂಟಿನಲ್ಲಿ ರೆಮಿಂಗ್ಟನ್, ಗೋದ್ರೆಜ್ ಮೆಷಿನ್ನುಗಳಿದ್ದವು. ಕನ್ನಡಕ್ಕೆ ಒಂದೇ ಮೆಷಿನ್ನು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರು ಅದಕ್ಕೆ ಪಾಳಿ ಹಚ್ಚುತ್ತಿದ್ದೆವು. ಅಕ್ಷರ ನೋಡಿ ಹೊಡೆಯುವ ಚಾಳಿ ಹತ್ತಬಾರದೆಂದು ಮೇಷ್ಟ್ರು ನಮ್ಮ ಕೈಗಳ ಮೇಲೆ ಒಂದು ಬಟ್ಟೆ ಹಾಸುತ್ತಿದ್ದರು. ಬಟ್ಟೆಯ ಅಡಿಯಲ್ಲಿ ಕಿರುಬೆರಳು ಎಲ್ಲಿ ಸೋಲುತ್ತಿದೆ ಎಂಬುದು ಅವರಿಗೆ ಶಬ್ದದಿಂದಲೇ ತಿಳಿಯುತ್ತಿತ್ತು. "ಎ ಸರಿಯಾಗಿ ಬೀಳ್ತಿಲ್ಲ ನೋಡಮ್ಮ" ಎಂದು ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳುತ್ತಿದ್ದರು. ಟೈಪ್‌ರೈಟರಿನಲ್ಲಿ ಬೆರಳಿನ ಬಲವೇ ಅಕ್ಷರದ ಕಪ್ಪು. ಕಿರುಬೆರಳಿನ ಎ ಯಾವಾಗಲೂ ಬೂದು, ತೋರುಬೆರಳಿನ ಎಫ್ ಯಾವಾಗಲೂ ಕಡುಕಪ್ಪು. ಎಲ್ಲ ಬೆರಳೂ ಒಂದೇ ಬಣ್ಣ ಬರೆಯುವಂತೆ ಮಾಡುವುದೇ ಆ ಕಲಿಕೆಯ ಅರ್ಧ.

ಬೆಂಗಳೂರಿಗೆ ಬಂದು ಕಂಪ್ಯೂಟರಿನ ಮುಂದೆ ಕೂತಾಗ ಆ ಬಲಕ್ಕೆ ಕೆಲಸವಿಲ್ಲದಾಯಿತು. ಡಿಟಿಪಿ ಸೆಂಟರಿನವರು ಕೊಟ್ಟ ಕೀಬೋರ್ಡು ಅಗ್ಗದ್ದು. ಅಂಥವುಗಳಲ್ಲಿ ಎಲ್ಲ ಕೀಗಳ ಅಡಿಯಲ್ಲೂ ಒಂದೇ ರಬ್ಬರಿನ ಹಾಳೆ ಇರುತ್ತದೆ. ಆ ರಬ್ಬರಿನ ಗುಬ್ಬಿ ಪೂರ್ತಿ ಕುಸಿದು ತಳಕ್ಕೆ ತಾಗಿದರೆ ಮಾತ್ರ ಅಕ್ಷರ. ತಾಗಿತೋ ಇಲ್ಲವೋ ಎಂಬುದು ಬೆರಳಿಗೆ ಖಚಿತವಾಗುವುದಿಲ್ಲವಾದ್ದರಿಂದ ಪ್ರತಿ ಅಕ್ಷರವನ್ನೂ ತಳಕ್ಕೆ ಗುದ್ದಬೇಕು. ಸಂಜೆಯ ಹೊತ್ತಿಗೆ ಮಣಿಕಟ್ಟು ಉರಿಯುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಹಿರಿಯ ಆಪರೇಟರೊಬ್ಬರು ನನ್ನ ಅವಸ್ಥೆ ನೋಡಿ, ಎಸ್.ಪಿ. ರೋಡಿಗೆ ಹೋಗಿ ಟಿವಿಎಸ್ ಗೋಲ್ಡ್ ತಗೊಳ್ಳಮ್ಮ, ಒಂದು ತಿಂಗಳ ಓವರ್‌ಟೈಮ್ ಹೋದರೂ ಪರವಾಗಿಲ್ಲ ಅಂದರು. ತಗೊಂಡೆ. ಅವತ್ತಿಂದ ಅದೇ.

ಬ್ಯಾಂಕಿನ ಕೌಂಟರಿನ ಹಿಂದೆ, ಸಗಟು ಅಂಗಡಿಯ ಬಿಲ್ಲಿಂಗ್ ಮೇಜಿನಲ್ಲಿ ಜೋರಾಗಿ ಟಿಕಟಿಕ ಅನ್ನುವ ದಪ್ಪ ಕೀಬೋರ್ಡನ್ನು ನೀವೂ ಕೇಳಿರುತ್ತೀರಿ. ಅದೇ ಟಿವಿಎಸ್ ಗೋಲ್ಡ್. ಅದರ ಪ್ರತಿ ಕೀ ಅಡಿಯಲ್ಲೂ ಅದರದ್ದೇ ಒಂದು ಸ್ವಿಚ್ಚು, ಅದರದ್ದೇ ಒಂದು ಸ್ಪ್ರಿಂಗು. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸಾಲಿನ ನೀಲಿ ಸ್ವಿಚ್ಚು ಅದು. ಕೀ ಕೆಳಗಿಳಿಯಬಹುದಾದ ಒಟ್ಟು ದೂರ 4 ಮಿಲಿಮೀಟರು. ಸುಮಾರು ಅರ್ಧ ದಾರಿಯಲ್ಲೇ, 60 ಗ್ರಾಂ ಆಸುಪಾಸಿನ ಒತ್ತಡಕ್ಕೆ, ಒಳಗಿನ ಒಂದು ಬಿಳಿಯ ಚೂರು ಜಾರಿ ಟಿಕ್ ಅನ್ನುತ್ತದೆ, ಅಕ್ಷರ ಬೀಳುತ್ತದೆ. ತಳದವರೆಗೆ ಹೋಗಬೇಕಾಗಿಲ್ಲ. ಬೆರಳು ಆ ಟಿಕ್ಕನ್ನು ನಂಬಲು ಕಲಿತರೆ ಸಾಕು, ಮಣಿಕಟ್ಟು ಉಳಿಯುತ್ತದೆ. ಇದನ್ನು ನಾನು ಕಲಿತದ್ದು ಯಾರೂ ಹೇಳಿಕೊಟ್ಟಲ್ಲ, ಕಾದಂಬರಿಗಳನ್ನೂ ಪಂಚಾಂಗಗಳನ್ನೂ ಪಿಎಚ್‌ಡಿ ಪ್ರಬಂಧಗಳನ್ನೂ ಹೊಡೆಯುತ್ತ ಹೊಡೆಯುತ್ತ.

ಟವೆಲು ಬಿಚ್ಚಿ ಅದನ್ನು ಮೇಜಿನ ಮೇಲಿಟ್ಟಾಗ ಸುತ್ತ ನಾಲ್ಕೈದು ಜನ ಸೇರಿದರು. ಅವರಲ್ಲಿ ಹಲವರ ಮೊದಲ ಮೆಕ್ಯಾನಿಕಲ್ ಕೀಬೋರ್ಡು ಇದೇ ಅಂತೆ. ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿದ್ದದ್ದು, ಬೆಲೆ ಕೈಗೆಟುಕುತ್ತಿದ್ದದ್ದು ಅದೊಂದೇ ಆಗಿತ್ತು. ಮುಂದೆ ಚೆರ್ರಿಯ ಪೇಟೆಂಟು ತೀರಿ, ಚೀನಾದ ಗೇಟರಾನ್, ಕೈಲ್ ಕಂಪನಿಗಳು ಅದೇ ಆಕಾರದ ಸ್ವಿಚ್ಚು ಮಾಡಲು ಹಿಡಿದ ಮೇಲೆ ಬೆಲೆ ಇಳಿದು, ಬಣ್ಣ ಬಣ್ಣದ ನೂರಾರು ಬಗೆ ಬಂದವು. ಕೆಂಪು ಅಂದರೆ ಮಧ್ಯೆ ತಡೆಯೇ ಇಲ್ಲದೆ ನೇರ ಇಳಿಯುವುದು, ಕಂದು ಅಂದರೆ ಸದ್ದಿಲ್ಲದ ಒಂದು ಸಣ್ಣ ಉಬ್ಬು ಬೆರಳಿಗೆ ಸಿಗುವುದು, ನೀಲಿ ಅಂದರೆ ಉಬ್ಬೂ ಉಂಟು ಸದ್ದೂ ಉಂಟು. ಇಷ್ಟು ಗೊತ್ತಾದರೆ ಆ ಮೇಜಿನ ಮುಂದೆ ಯಾರೊಂದಿಗೂ ಮಾತಾಡಬಹುದು.

ಒಬ್ಬ ಹುಡುಗ ಕೇಳಿ ನನ್ನ ಕುರ್ಚಿಯಲ್ಲಿ ಕೂತು ಹೊಡೆಯತೊಡಗಿದ. ನಾನು ಮೇಜಿನ ಆಚೆ ಬದಿಗೆ ಹೋಗಿ ನಿಂತೆ. ಆಗ ಮೊದಲ ಸಲ ನನ್ನ ಕೀಬೋರ್ಡಿನ ಸದ್ದು ನನಗೆ ಕೇಳಿತು. ವರ್ಷಗಟ್ಟಲೆ ಅದರ ಮೇಲೆ ಕೈ ಇಟ್ಟವಳಿಗೆ ಕೇಳಿಸುತ್ತಿದ್ದದ್ದು ಬೇರೆ: ಬೆರಳಿನ ತುದಿಗೆ ಬರುವ ಅದುರು, ವಾಕ್ಯದ ಓಟ, ಮುಂದಿನ ಪದ. ಎದುರು ನಿಂತಾಗ ಕೇಳಿದ್ದು ತೆಳುವಾದ, ಚೂಪಾದ, ಸ್ವಲ್ಪ ಅವಸರದ ಶಬ್ದ. ಸ್ಪೇಸ್ ಬಾರ್ ಒಂದು ಕಡೆ ಕಿರ್ ಅನ್ನುತ್ತಿತ್ತು. ನನ್ನ ಜೊತೆ ಆ ಕೋಣೆಯಲ್ಲಿ ಕೂತವರು ಇಷ್ಟು ವರ್ಷ ಇದನ್ನೇ ಕೇಳುತ್ತಿದ್ದರು ಎಂಬುದು ಆಗ ಹೊಳೆಯಿತು. ಹುಡುಗನಿಗೂ ಇದು ಹೊಸ ಮಾತಲ್ಲ. "ಅದಕ್ಕೇ ಆಂಟಿ, ನಮ್ಮದನ್ನ ಬೇರೆಯವರ ಕೈಲಿ ಹೊಡೆಸ್ಬೇಕು, ನಾವು ಮುಂದೆ ನಿಂತ್ಕೋಬೇಕು" ಅಂದ. ಸಾವಿರಾರು ರೂಪಾಯಿ ಸುರಿದು, ಗುಂಪಾಗಿ ಮುಂಗಡ ಕಟ್ಟಿ, ಕೆಲವೊಮ್ಮೆ ವರ್ಷದ ಮೇಲೆ ಕಾದು ತರಿಸಿಕೊಂಡದ್ದನ್ನು ಗುರುತಿಲ್ಲದವರ ಬೆರಳಿಗೆ ಬಿಟ್ಟುಕೊಡುವುದು ಯಾಕೆ ಎಂಬ ಪ್ರಶ್ನೆ ನನ್ನಲ್ಲಿತ್ತು. ಅದಕ್ಕೆ ಇದಕ್ಕಿಂತ ಸರಿಯಾದ ಉತ್ತರ ಬೇಕಿರಲಿಲ್ಲ.

ಆಮೇಲೆ ಒಂದೊಂದಾಗಿ ನೋಡುತ್ತ ಹೋದೆ. ಎಲ್ಲವನ್ನೂ ಹೇಳುವುದಿಲ್ಲ, ಹಲವು ನನಗೆ ಒಂದೇ ಥರ ಅನಿಸಿದವು. ಆಕಾರ ಎಷ್ಟೇ ಚಿಕ್ಕದಾಗಲಿ, ಒಂದು ಕೀ ನಡುವಿನಿಂದ ಪಕ್ಕದ ಕೀ ನಡುವಿಗೆ 19.05 ಮಿಲಿಮೀಟರು ಎಂಬ ಅಳತೆ ಮಾತ್ರ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ, ಅಂದರೆ ಮುಕ್ಕಾಲು ಇಂಚು. ಆದ್ದರಿಂದಲೇ ಗುರುತಿಲ್ಲದ ಕೀಬೋರ್ಡಿನಲ್ಲೂ ಬೆರಳು ದಾರಿ ತಪ್ಪಲಿಲ್ಲ.

ಎರಡರ ಮುಂದೆ ತುಂಬ ಹೊತ್ತು ಕೂತೆ. ಒಂದು ಐಬಿಎಂನ ಮಾಡೆಲ್ ಎಂ. 1985ರಿಂದ ಬಂದ ಮಾದರಿ, ಎರಡು ಕೇಜಿ ಮೀರುವ ತೂಕ. ತಂದವರು ನಿವೃತ್ತ ಇಂಜಿನಿಯರು, ಗುಜರಿಯಲ್ಲಿ ತೂಕಕ್ಕೆ ಕೊಂಡದ್ದಂತೆ. ತಲೆಕೆಳಗು ಮಾಡಿ, ಹಿಂದಿನ ಚೀಟಿಯಲ್ಲಿ ಅಚ್ಚಾದ ತಯಾರಿಕೆಯ ದಿನಾಂಕವನ್ನು ಜಾತಕ ತೋರಿಸುವ ಶ್ರದ್ಧೆಯಲ್ಲಿ ತೋರಿಸಿದರು. ಐಬಿಎಂ 1978ರಲ್ಲಿ ಭಾರತ ಬಿಟ್ಟು ಹೋಗಿ 1992ರಲ್ಲಿ ಟಾಟಾದವರ ಜೊತೆ ಮರಳಿ ಬಂದದ್ದು. ನಡುವಿನ ವರ್ಷಗಳ ಚೀಟಿಯಿದ್ದ ಈ ಕೀಬೋರ್ಡು ಯಾವ ದಾರಿಯಲ್ಲಿ ಬೆಂಗಳೂರಿನ ಗುಜರಿಗೆ ಬಂತು ಎಂಬ ಬಗ್ಗೆ ಅವರಲ್ಲಿ ಹಲವು ಊಹೆಗಳಿದ್ದವು, ಎಲ್ಲವನ್ನೂ ಹೇಳಿದರು. ಅದರ ಒಳಗೆ ಪ್ರತಿ ಕೀಗೂ ಒಂದು ಉದ್ದ ಸ್ಪ್ರಿಂಗು. ಒತ್ತುತ್ತ ಹೋದಂತೆ ಅದು ಒಂದು ಹಂತದವರೆಗೆ ತಡೆದು, ಥಟ್ಟನೆ ಪಕ್ಕಕ್ಕೆ ಬಳುಕಿ, ಅಡಿಯ ಪುಟ್ಟ ಸುತ್ತಿಗೆಯನ್ನು ತಿರುಗಿಸುತ್ತದೆ. ಸದ್ದೂ ಅಕ್ಷರವೂ ಆ ಒಂದೇ ಬಳುಕಿನಿಂದ ಹುಟ್ಟುತ್ತವೆ. ನೀಲಿ ಸ್ವಿಚ್ಚಿನಲ್ಲಿ ಸದ್ದು ಅಕ್ಷರ ಬಿತ್ತೆಂದು ಹೇಳುತ್ತದೆ. ಇಲ್ಲಿ ಸದ್ದು ಬೇರೆ, ಅಕ್ಷರ ಬೇರೆ ಅಲ್ಲವೇ ಅಲ್ಲ. ಟೈಪ್‌ರೈಟರಿನ ಕಡ್ಡಿ ಎದ್ದು ಕಾಗದಕ್ಕೆ ಬಡಿಯುವ ಕ್ಷಣಕ್ಕೆ ಅಷ್ಟು ಹತ್ತಿರವಾದದ್ದನ್ನು ಕಂಪ್ಯೂಟರಿನ ಮುಂದೆ ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಕಿರುಬೆರಳು ಅರಸೀಕೆರೆಯಲ್ಲಿ ಕಲಿತ ಬಲ ಇನ್ನೂ ಹೋಗಿಲ್ಲ ಎಂದೂ ಅದರ ಮೇಲೆ ತಿಳಿಯಿತು. "ನೀವು ಮೆಷಿನ್ ಮೇಲೆ ಕಲಿತೋರಲ್ವೇನಮ್ಮಾ?" ಎಂದು ಅವರು ಕೇಳಿದರು, ಸದ್ದಿನಿಂದಲೇ.

ಇನ್ನೊಂದು ಜಪಾನಿನ ಹ್ಯಾಪಿ ಹ್ಯಾಕಿಂಗ್ ಕೀಬೋರ್ಡ್. ಪ್ರೊಫೆಸರ್ ಎಯಿಚಿ ವಾಡಾ ಅವರ ಕಲ್ಪನೆಯಿಂದ 1996ರಲ್ಲಿ ಹೊರಬಂದ, ಕೇವಲ 60 ಕೀಗಳ ಮಾದರಿ. ಮೇಜಿನ ಮೇಲಿದ್ದುದು ನಂತರದ ಪೀಳಿಗೆಯದು, ಒಳಗೆ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ರಬ್ಬರಿನ ಗುಮ್ಮಟದ ಅಡಿಯ ಶಂಕುವಿನಾಕಾರದ ಸ್ಪ್ರಿಂಗು ಕುಗ್ಗಿದಾಗ ವಿದ್ಯುತ್ತಿನ ಧಾರಣೆಯಲ್ಲಾಗುವ ಬದಲಾವಣೆಯನ್ನು ಅದು ಅಳೆಯುತ್ತದೆ. ತಂದವಳು ಅಕ್ಷರವೇ ಅಚ್ಚಾಗದ ಮಾದರಿ ತಂದಿದ್ದಳು, ಪೂರ್ತಿ ಬೋಳು ಕೀಗಳು. ಬಂದವರು ಎರಡು ಪದ ಹೊಡೆದು, ಚಿಹ್ನೆಗಳು ಎಲ್ಲಿವೆ ಎಂದು ತಡವರಿಸಿ ಏಳುತ್ತಿದ್ದರು. ನಾನು ಕೂತೆ. ಅದಕ್ಕೊಂದು ಲ್ಯಾಪ್‌ಟಾಪು ಜೋಡಿಸಿತ್ತು. ಕನ್ನಡ ಹೊಡೆಯಬಹುದಾ ಎಂದು ಕೇಳಿದೆ. ಲಿನಕ್ಸಿನದಾದ್ದರಿಂದ ನಾನು ದಿನಾ ಕನ್ನಡ ಹೊಡೆಯುವ ಕಗಪ ವಿನ್ಯಾಸ ಒಳಗೇ ಇತ್ತು, ಅವಳು ಹುಡುಕಿ ಹಾಕಿಕೊಟ್ಟಳು. ಒಂದು ಪುಟದಷ್ಟು ಹೊಡೆದೆ, ನೆನಪಿಗೆ ಬಂದ ಒಂದು ಮದುವೆ ಕರೆಯೋಲೆ, ಆಮೇಲೆ ಅಮ್ಮನ ಸಾರಿನಪುಡಿಯ ಅಳತೆ. ಬಟ್ಟೆಯ ಅಡಿಯಲ್ಲಿ ಕಲಿತ ಕೈಗೆ ಬೋಳು ಕೀಯೂ ಅಷ್ಟೇ, ಬರೆದ ಕೀಯೂ ಅಷ್ಟೇ. ಹುಡುಗಿ ಪರದೆಯನ್ನು ನೋಡುತ್ತ, "ಇಷ್ಟು ಹೊತ್ತಿಂದ ಇದರ ಮೇಲೆ ಯಾರೂ ಏನೂ ಬರ್ದಿರ್ಲಿಲ್ಲ, ಆಂಟಿ" ಅಂದಳು. ಮದುವೆ ಕರೆಯೋಲೆಯನ್ನು ಅಳಿಸದೆ ಸೇವ್ ಮಾಡಿಕೊಂಡಳು.

ಇಷ್ಟರಲ್ಲಿ ನನ್ನ ಟಿವಿಎಸ್ ಮುಂದೆ ಕನ್ನಡಕದ ಹುಡುಗನೊಬ್ಬ ಬಗ್ಗಿ ನಿಂತಿದ್ದ. ಟೈಪ್ ಮಾಡುತ್ತಿರಲಿಲ್ಲ, ಫೋನಿನ ಬೆಳಕು ಬಿಟ್ಟು ಕೀಗಳ ಮೇಲ್ಮೈ ನೋಡುತ್ತಿದ್ದ. ಕೀಕ್ಯಾಪು ಎರಡು ಮುಖ್ಯ ಬಗೆಯ ಪ್ಲಾಸ್ಟಿಕ್ಕಿನಲ್ಲಿ ಬರುತ್ತವೆ. ಪಿಬಿಟಿ ಬಹುಕಾಲ ಒರಟಾಗಿಯೇ ಉಳಿಯುತ್ತದೆ, ಎಬಿಎಸ್ ಬೆರಳಿನ ತಿಕ್ಕಿಗೆ, ಎಣ್ಣೆಗೆ ಬೇಗ ಸವೆದು ಕನ್ನಡಿಯಾಗುತ್ತದೆ. ನನ್ನದು ಸವೆದಿತ್ತು. ಅವನು ಕೇಳಿದ ಪ್ರಶ್ನೆ ಇದು: ಎಲ್ಲರ ಕೀಬೋರ್ಡಿನಲ್ಲೂ ಇ ಸವೆದಿರುತ್ತದೆ, ಟಿ ಸವೆದಿರುತ್ತದೆ. ಆಟ ಆಡುವವರದಾದರೆ ಡಬ್ಲ್ಯು, ಎ, ಎಸ್, ಡಿ. ಇದರಲ್ಲಿ ಎಫ್ ಯಾಕೆ ಇಷ್ಟು ಹೊಳೆಯುತ್ತಿದೆ? ಬಲಗಡೆಯ ಶಿಫ್ಟ್ ಯಾಕೆ ಹೀಗೆ ನುಣುಪಾಗಿದೆ?

ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಯಾರೂ ಕೇಳಿರದ ಪ್ರಶ್ನೆ. ಪುಸ್ತಕದ ಮೊದಲ ಪುಟಗಳಲ್ಲಿ ಅಕ್ಷರ ಜೋಡಣೆ ಎಂದು ಸೆಂಟರಿನ ಹೆಸರು ಬರುತ್ತದೆ. ಯಾವ ಬೆರಳು ಎಷ್ಟು ಸವೆಯಿತು ಎಂಬುದು ಕೀಬೋರ್ಡಿನ ಮೇಲೆ ಮಾತ್ರ ಉಳಿಯುತ್ತದೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ.

ಕೆ.ಪಿ. ರಾವ್ ಅವರು ರೂಪಿಸಿದ, ಸರ್ಕಾರವೂ ಒಪ್ಪಿಕೊಂಡ, ನುಡಿ ತಂತ್ರಾಂಶದಲ್ಲಿ ನಾವೆಲ್ಲ ಬಳಸುವ ಈ ಕಗಪ ವಿನ್ಯಾಸದಲ್ಲಿ ಕನ್ನಡ ಪೂರ್ತಿ ಇಂಗ್ಲಿಷಿನ 26 ಅಕ್ಷರದ ಕೀಗಳೊಳಗೆ ಕೂರುತ್ತದೆ. ಉಚ್ಚಾರಣೆಯ ಕ್ರಮದಲ್ಲಿ ಹೊಡೆಯುತ್ತ ಹೋಗುವುದು. ಕನ್ನಡ ಟೈಪ್‌ರೈಟರಿನಲ್ಲಿ ಅಕ್ಷರದ ತುಂಡುಗಳನ್ನು ಕಣ್ಣಿಗೆ ಕಂಡಂತೆ ಜೋಡಿಸುತ್ತಿದ್ದೆವು. ಇಲ್ಲಿ ಕಿವಿಗೆ ಕೇಳಿದಂತೆ. ಕೆ ಹೊಡೆದರೆ ಕ, ಡಿ ಹೊಡೆದರೆ ದ. ಎರಡು ವ್ಯಂಜನ ಕೂಡಬೇಕಾದರೆ ನಡುವೆ ಒಂದು ಎಫ್. ಅಕ್ಕ ಅನ್ನಲು ಎ, ಕೆ, ಎಫ್, ಕೆ. ಅಮ್ಮ, ಅಪ್ಪ, ಹಬ್ಬ, ಹಳ್ಳಿ, ಬೆಣ್ಣೆ, ಮತ್ತು, ಎಲ್ಲ, ಇಲ್ಲ, ಹೌದಲ್ಲ: ಒತ್ತಕ್ಷರ ಇಲ್ಲದೆ ಕನ್ನಡದ ಒಂದು ಸಾಲು ದಾಟುವುದು ಕಷ್ಟ. ಕ್ರಿಯಾಪದ ಬಂದರೆ ಮುಗಿಯಿತು, ಹೋಗುತ್ತಿದ್ದಾರೆ ಎಂಬಲ್ಲಿ ಎರಡು ಎಫ್. ಟೈಪ್ ಕಲಿಯುವಾಗ ಎಡ ತೋರುಬೆರಳು ಕೂರುವ ಮನೆಯೇ ಎಫ್, ಅದಕ್ಕೇ ಅದರ ಮೇಲೆ ಸಣ್ಣ ಗೀರು ಉಬ್ಬಿರುತ್ತದೆ. ನನ್ನದರಲ್ಲಿ ಆ ಗೀರು ಈಗ ಬೆರಳಿಗೆ ಸಿಗುವುದಿಲ್ಲ.

ಶಿಫ್ಟಿನದು ಇನ್ನೊಂದು ಕಥೆ. ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೆ, ಹೆಸರಿನ ಮೊದಲಿಗೆ ಶಿಫ್ಟ್. ಕನ್ನಡದಲ್ಲಿ ಪದಪದಕ್ಕೂ. ಆ-ಕಾರದ ಇಳಿ ಬೇಕಾದರೆ ಶಿಫ್ಟ್ ಎ. ಏ-ಕಾರಕ್ಕೆ, ಓ-ಕಾರಕ್ಕೆ ಶಿಫ್ಟ್. ಳ ಬೇಕಾದರೆ ಶಿಫ್ಟ್ ಎಲ್, ಣ ಬೇಕಾದರೆ ಶಿಫ್ಟ್ ಎನ್, ಮಹಾಪ್ರಾಣಗಳಿಗೂ ಅದೇ. ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು ಎಡಗೈ ಅಕ್ಷರಕ್ಕೆ ಬಲಗೈ ಶಿಫ್ಟ್ ಹಿಡಿಯುತ್ತೇವೆ. ಎ ಇರುವುದು ಎಡಗೈಯ ಕಿರುಬೆರಳಲ್ಲಿ, ಹಾಗಾಗಿ ಕನ್ನಡದ ಅಷ್ಟೂ ಇಳಿಗಳ ಭಾರ ಬಲ ಕಿರುಬೆರಳಿನ ಮೇಲೆ. ಆ ಮೇಜಿನ ಮೇಲಿನ ಚಿಕ್ಕ ಕೀಬೋರ್ಡುಗಳಲ್ಲಿ ಬಾಣದ ಕೀಗಳಿಗೆ ಜಾಗ ಮಾಡಲು ಮೊದಲು ಕತ್ತರಿಸುವುದು ಬಲ ಶಿಫ್ಟನ್ನೇ. ಅವುಗಳ ಮೇಲೆ ನಾನು ಆ-ಕಾರ ಹೊಡೆಯಲು ಹೋದಾಗಲೆಲ್ಲ ಕಿರುಬೆರಳು ಮೇಲ್ಬಾಣದ ಮೇಲೆ ಬಿದ್ದು, ಕರ್ಸರು ಹಿಂದಿನ ಸಾಲಿಗೆ ಜಿಗಿಯುತ್ತಿತ್ತು. ಇಂಗ್ಲಿಷು ಹೊಡೆಯುವವರಿಗೆ ಕಾಣದ ಕೊರತೆ ಇದು. ಜಪಾನಿ, ಕೊರಿಯನ್, ರಷ್ಯನ್ ಅಕ್ಷರದ ಕೀಕ್ಯಾಪುಗಳು ಅಲ್ಲಿ ಬೇಕಾದಷ್ಟಿದ್ದವು, ಕನ್ನಡದ್ದು ಒಂದೂ ಇರಲಿಲ್ಲ. ಅದೂ ಬರಲಿ ಎಂದು ನನಗೆ ಆಸೆಯಿದೆ. ಆದರೆ ಕನ್ನಡ ಬರೆಯುವ ಕೈಗೆ ಮೊದಲು ಬೇಕಾದದ್ದು ಮೇಲೆ ಅಚ್ಚಾದ ಅಕ್ಷರವಲ್ಲ, ಕಿರುಬೆರಳಿಗೆ ಸಿಗುವ ಶಿಫ್ಟ್.

ಹುಡುಗ ಕೇಳಿಸಿಕೊಂಡು ಸುಮ್ಮನಿರಲಿಲ್ಲ. ತನ್ನ ಸೀಳು ಕೀಬೋರ್ಡನ್ನು ಎತ್ತಿಕೊಂಡು ಬಂದ. ಕಾರ್ನ್ ಎನ್ನುವ ಮಾದರಿ, ಎರಡೂ ಹೋಳು ಸೇರಿ 42 ಕೀಗಳು, ಒಂದೊಂದು ಹೋಳಿನಲ್ಲಿ ಹೆಬ್ಬೆರಳಿಗೇ ಮೂರು. ಹೆಬ್ಬೆರಳು ಕೈಯಲ್ಲೇ ಬಲವಾದ ಬೆರಳು. ಮಾಮೂಲು ಕೀಬೋರ್ಡಿನಲ್ಲಿ ಅದಕ್ಕಿರುವ ಕೆಲಸ ಒಂದು ಸ್ಪೇಸ್ ಬಾರ್, ಅದೂ ಎರಡು ಹೆಬ್ಬೆರಳ ನಡುವೆ. ಅವನು ಬಳಸುವ ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶದಲ್ಲಿ ಯಾವ ಕೀ ಏನು ಮಾಡಬೇಕೆಂದು ನಾವೇ ಬರೆದು ಕೀಬೋರ್ಡಿನೊಳಗೇ ತುಂಬಬಹುದು. ಶಿಫ್ಟನ್ನು ಒತ್ತಿ ಹಿಡಿಯುವ ಬದಲು ಒಮ್ಮೆ ತಟ್ಟಿ ಬಿಟ್ಟರೆ ಸಾಕು, ಮುಂದಿನ ಒಂದು ಅಕ್ಷರಕ್ಕೆ ಮಾತ್ರ ಅದು ಅನ್ವಯವಾಗುವ ಏರ್ಪಾಡೂ ಅದರಲ್ಲಿದೆ. "ನೋಡೋಣ ಆಂಟಿ, ಹೆಬ್ಬೆರಳಿಗೆ ಶಿಫ್ಟ್ ಕೊಟ್ರೆ ಹೇಗಿರತ್ತೆ" ಎಂದು ಅಲ್ಲೇ ಕೂತು ಬದಲಿಸತೊಡಗಿದ.

ಅವನು ಬದಲಿಸುವಷ್ಟರಲ್ಲಿ ಪಕ್ಕದ ಮೇಜಿನ ಹುಡುಗಿ ನನಗೊಂದು ಕುಂಚ ಕೊಟ್ಟಳು. ಅವಳು ಸ್ವಿಚ್ಚುಗಳನ್ನು ಬಿಚ್ಚಿ ಗ್ರೀಸು ಹಚ್ಚುತ್ತಿದ್ದಳು. ಮುಚ್ಚಳ ತೆಗೆದು, ಸ್ಪ್ರಿಂಗು, ನಡುವಿನ ಕಡ್ಡಿ ಬೇರೆ ಮಾಡಿ, ಕಡ್ಡಿ ಉಜ್ಜುವ ಗೋಡೆಗಳಿಗೆ ಮಾತ್ರ ಕಂಡೂ ಕಾಣದಷ್ಟು. ಹೆಚ್ಚಾದರೆ ಕೀ ಮಂದವಾಗುತ್ತದೆ, ಉಬ್ಬಿರುವ ಸ್ವಿಚ್ಚಿನ ಕಾಲಿಗೆ ತಾಗಿದರೆ ಉಬ್ಬೇ ಮಾಯ. ಒಂದು ಕೀಬೋರ್ಡಿಗೆ ಅರವತ್ತು, ಎಪ್ಪತ್ತು ಸ್ವಿಚ್ಚು. ಬಟರ್ ಪೇಪರಿನ ಮೇಲೆ ಪ್ರಿಂಟು ತೆಗೆದ ಮೇಲೆ ಕಣ್ಣಿಗೆ ಬಿದ್ದ ತಪ್ಪಿಗಾಗಿ ಒಂದೇ ಒಂದು ಅಕ್ಷರವನ್ನು ಬ್ಲೇಡಿನಲ್ಲಿ ಕೊಯ್ದು ಅಂಟಿಸುತ್ತಿದ್ದ ದಿನಗಳ ಕೈ ನನ್ನದು, ಆ ಕೆಲಸ ಒಗ್ಗಿತು. ಅವಳು ನಾನು ಮಾಡಿದ್ದನ್ನು ಕಿವಿಯ ಹತ್ತಿರ ಹಿಡಿದು ಒತ್ತಿ, ಚೆನ್ನಾಗಿದೆ ಎಂದು ತನ್ನವುಗಳ ಜೊತೆ ಸೇರಿಸಿದಳು. ನನ್ನ ಸ್ಪೇಸ್ ಬಾರಿನ ಕಿರ್ ಸದ್ದಿಗೂ ಅವಳೇ ಔಷಧಿ ಮಾಡಿದಳು, ಬಾರ್ ಕಳಚಿ ಅಡಿಯ ಕಂಬಿಗೆ ಒಂದಿಷ್ಟು ಗ್ರೀಸು.

ಹೆಬ್ಬೆರಳಿನ ಶಿಫ್ಟ್ ಸಿದ್ಧವಾಯಿತು. ಮೊದಲ ಸಾಲು ಪೂರ್ತಿ ತಡವರಿಸಿದೆ. ಮೂರನೆಯ ಪ್ಯಾರಾ ಹೊತ್ತಿಗೆ ಹೆಬ್ಬೆರಳು ತಾನಾಗಿ ತಟ್ಟತೊಡಗಿತು: ಮಾತಾಡು, ಹಾಡು, ಕಾಗೆ, ಬಾಳೆ. ಕಿರುಬೆರಳು ಸುಮ್ಮನೆ ಮಲಗಿತ್ತು. ಅದಕ್ಕೆ ಅಂಥ ಬಿಡುವು ಸಿಕ್ಕಿದ್ದೇ ಇಲ್ಲ. ಹುಡುಗ ಉತ್ಸಾಹದಿಂದ ಎಫ್‌ ಅನ್ನೂ ಇನ್ನೊಂದು ಹೆಬ್ಬೆರಳಿಗೆ ಕೊಟ್ಟು ನೋಡಿದ. ಅದು ನನಗೆ ಒಗ್ಗಲಿಲ್ಲ. ಒತ್ತಕ್ಷರದಲ್ಲಿ ಬೆರಳುಗಳು ಕ-ಎಫ್-ಕ ಎಂದು ತಾಳ ಹಾಕಿಕೊಂಡು ಹೋಗುತ್ತವೆ, ಆ ತಾಳ ತಪ್ಪಿದರೆ ಪದದ ಉಚ್ಚಾರಣೆಯೇ ಬೆರಳಲ್ಲಿ ತಪ್ಪಿದಂತೆ. ಅವನು ಒಪ್ಪಲಿಲ್ಲ, ಹೊಸದಾಗಿ ಕಲಿಯುವವರಿಗೆ ಹೆಬ್ಬೆರಳೇ ಮೇಲು ಎಂದು ವಾದಿಸಿದ. ಅಷ್ಟರಲ್ಲಿ ಇನ್ನೊಬ್ಬರು ಬಂದು ಸೇರಿದರು, ಸರ್ಕಾರಿ ಕಚೇರಿಯೊಂದರಲ್ಲಿ ಇನ್‌ಸ್ಕ್ರಿಪ್ಟ್ ಬಳಸುವವರು. ಭಾರತದ ಹೆಚ್ಚಿನ ಲಿಪಿಗಳಿಗೂ ಒಂದೇ ಜೋಡಣೆಯಿರುವ ಆ ವಿನ್ಯಾಸದಲ್ಲಿ ಒತ್ತು ಕೂಡಿಸುವ ಕೀ ಡಿ. ಅವರ ಕೀಬೋರ್ಡಿನಲ್ಲಿ ಡಿ ಹೊಳೆಯುತ್ತದಂತೆ. ಸ್ವರಗಳೆಲ್ಲ ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ, ಕೈಗಳು ಪಾಳಿ ಬದಲಿಸುತ್ತ ಹೋಗುವುದೇ ಸುಖ ಎಂದು ಅವರ ವಾದ. ಮೂವರೂ ಒಂದೇ ಕೀಬೋರ್ಡಿನ ಸುತ್ತ ಕುರ್ಚಿ ಎಳೆದುಕೊಂಡು, ಒಬ್ಬರ ನಂತರ ಒಬ್ಬರು ಒಂದೇ ವಾಕ್ಯ ಹೊಡೆದು, ಬೆರಳು ಎಲ್ಲೆಲ್ಲಿ ಎಡವಿತು ಎಂದು ನೋಡುತ್ತ ಕೂತೆವು. ಕನ್ನಡ ಟೈಪ್ ಮಾಡುವವರು ಹೀಗೆ ಒಟ್ಟಿಗೆ ಕೂತು ತಮ್ಮ ಬೆರಳುಗಳ ಬಗ್ಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹೊರಡುವಾಗ ಹುಡುಗ ಸೀಳು ಕೀಬೋರ್ಡನ್ನು ನನ್ನ ಚೀಲಕ್ಕೆ ಹಾಕಿದ. ಮನೆಯಲ್ಲಿ ನಿಜವಾದ ಕೆಲಸಕ್ಕೆ ಬಳಸಿ ನೋಡಿ, ಇಲ್ಲಿ ಅರ್ಧ ಗಂಟೆ ಹೊಡೆದರೆ ಏನೂ ಗೊತ್ತಾಗುವುದಿಲ್ಲ ಎಂದ. ಬದಲಿಗೆ ನನ್ನ ಟಿವಿಎಸ್ ಇಟ್ಟುಕೊಂಡ. ಎಫ್ ಕೀಯನ್ನು ಮಾತ್ರ ಯಾವ ಕಾರಣಕ್ಕೂ ಬದಲಿಸುವುದಿಲ್ಲ ಎಂದು ತಾನಾಗಿ ಮಾತು ಕೊಟ್ಟ. ಒಂದು ಕಥಾಸಂಕಲನದ ಹಸ್ತಪ್ರತಿಯನ್ನು ಅವನ ಕೀಬೋರ್ಡಿನಲ್ಲಿ ಹೊಡೆದು ಮುಗಿಸಿದೆ. ಹೆಬ್ಬೆರಳಿನ ಶಿಫ್ಟ್ ಪೂರ್ತಿ ಗೆದ್ದಿತು. ಅಂಕಿಗಳು ಬಂದಾಗ ಮಾತ್ರ ತೊಂದರೆ, ಅವು ಇನ್ನೊಂದು ಪದರದಲ್ಲಿ ಅಡಗಿ ಕೂತಿರುತ್ತವೆ, ಪಂಚಾಂಗದ ಕೆಲಸಕ್ಕಂತೂ ಅದು ಆಗದು. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೀಬೋರ್ಡಿನ ಜೊತೆ ಇಟ್ಟು ವಾಪಸು ಕೊಟ್ಟೆ. ಅಂಕಿಗಳಿಗೇ ಒಂದು ಸಾಲು ಸೇರಿಸಿ, ಹೆಬ್ಬೆರಳಿನ ಶಿಫ್ಟ್ ಹಾಗೇ ಉಳಿಸಿದ ಇನ್ನೊಂದನ್ನು ಬೆಸುಗೆ ಹಾಕುತ್ತಿದ್ದೇನೆಂದು ಅವನು ಹೇಳಿದ್ದಾನೆ. ಮುಂದಿನ ಸಲ ಸೇರುವಾಗ ತರುತ್ತಾನೆ. ಇನ್‌ಸ್ಕ್ರಿಪ್ಟಿನವರೂ ಬರುತ್ತಾರೆ. ಬೆಂಗಳೂರಿನ ಇನ್ನೂ ಕೆಲವು ಡಿಟಿಪಿ ಆಪರೇಟರುಗಳಿಗೆ ಫೋನು ಮಾಡಿ, ಅವರವರ ಕೀಬೋರ್ಡುಗಳನ್ನು ಒರೆಸದೆ, ಇದ್ದ ಹಾಗೇ ತರಲು ಹೇಳಿದ್ದೇನೆ.